ಬಿಟಿ ಹರಳಿನಲ್ಲಿ ಕೀಟನಾಶಕ ಪ್ರೋಟೀನ್ ಎಷ್ಟಿದೆ: ಪ್ರಯೋಗಾಲಯದಲ್ಲಿ ಅಳೆಯುವ ಬಗೆ

ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಕೀಟವನ್ನು ಕೊಲ್ಲುವ ಪ್ರೋಟೀನಿನ ಹರಳು ಕಟ್ಟುವ ಬ್ಯಾಕ್ಟೀರಿಯ. ಒಂದೇ ನಳಿಕೆಯ ಬಿಟಿ ದ್ರಾವಣವನ್ನು ಮೂವರ ಕೈಗೆ ಕೊಟ್ಟು ನೋಡಿ. ಬಣ್ಣದ ಪರೀಕ್ಷೆ ಮಾಡಿದವರು ಮಿಲಿಲೀಟರಿಗೆ 6 ಮಿಲಿಗ್ರಾಂ ಎನ್ನುತ್ತಾರೆ. ಜೆಲ್ ಮೇಲೆ ಓಡಿಸಿದವರು 4 ಎನ್ನುತ್ತಾರೆ. ಎಲೈಸಾ ಮಾಡಿದವರು ಮತ್ತೊಂದು ಸಂಖ್ಯೆ ತರುತ್ತಾರೆ. ಮೂವರೂ ಸರಿಯಾಗಿಯೇ ಅಳೆದಿರಬಹುದು. ಮೊದಲನೆಯವರು ಅಳೆದದ್ದು ದ್ರಾವಣದಲ್ಲಿರುವ ಎಲ್ಲ ಪ್ರೋಟೀನನ್ನು, ಎರಡನೆಯವರು ಅಳೆದದ್ದು ಒಂದು ಗಾತ್ರದ ಪ್ರೋಟೀನನ್ನು, ಮೂರನೆಯವರು ಅಳೆದದ್ದು ಪ್ರತಿಕಾಯ ಗುರುತು ಹಿಡಿದ ಪ್ರೋಟೀನನ್ನು. ಈ ಮೂರನ್ನೂ ‘ವಿಷದ ಸಾರತೆ’ ಎಂಬ ಒಂದೇ ಹೆಸರಿನಲ್ಲಿ ಬರೆದಾಗ ಗೊಂದಲ ಹುಟ್ಟುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹಾಗಾಗಿ ಪ್ರತಿ ಹಂತದಲ್ಲೂ ಏನು ಮಾಡಬೇಕು ಎಂಬುದರ ಜೊತೆಗೆ, ಆಗ ಸಿಗುವ ಸಂಖ್ಯೆ ಯಾವುದರ ಲೆಕ್ಕ ಎಂಬುದನ್ನೂ ಹೇಳುತ್ತಾ ಹೋಗುತ್ತೇನೆ.

ಮೊದಲು ವಸ್ತುವಿನ ಪರಿಚಯ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವನ್ನು 1901ರಲ್ಲಿ ಜಪಾನಿನ ಇಶಿವಾಟ ಸತ್ತ ರೇಷ್ಮೆಹುಳುಗಳಲ್ಲಿ ಕಂಡರು. ಜರ್ಮನಿಯ ಅರ್ನ್ಸ್ಟ್ ಬರ್ಲೀನರ್ ಅದನ್ನು ಹಿಟ್ಟಿನ ಪತಂಗದ ಮರಿಹುಳುವಿನಲ್ಲಿ ಮತ್ತೆ ಕಂಡು, ತುರಿಂಜಿಯಾ ಪ್ರದೇಶದ ಹೆಸರನ್ನು ಅದಕ್ಕೆ ಇಟ್ಟರು. ಬೀಜಕ ಕಟ್ಟುವ ಹೊತ್ತಿಗೆ ಈ ಬ್ಯಾಕ್ಟೀರಿಯ ತನ್ನ ಕೋಶದೊಳಗೆ ಪ್ರೋಟೀನಿನ ಹರಳನ್ನೂ ಕಟ್ಟುತ್ತದೆ. ಕೋಶದ ಒಣ ತೂಕದಲ್ಲಿ ಈ ಹರಳಿನ ಪಾಲು ಶೇಕಡಾ 20ರಿಂದ 30ರವರೆಗೆ ಇರಬಹುದು. ಹರಳಿನೊಳಗಿರುವ ಕ್ರೈ ಪ್ರೋಟೀನುಗಳೇ ಕೀಟವನ್ನು ಕೊಲ್ಲುವಂಥವು. ಕ್ರೈ1 ಗುಂಪಿನ ಪ್ರೋಟೀನು ಸುಮಾರು 130 ಕಿಲೋಡಾಲ್ಟನ್ (ಅಣುತೂಕದ ಮಾನ) ತೂಗುತ್ತದೆ. ಅದು ಇನ್ನೂ ವಿಷವಾಗಿರದ ಪೂರ್ವರೂಪ. ಮರಿಹುಳುವಿನ ಕರುಳಿನ ಕ್ಷಾರದಲ್ಲಿ ಕರಗಿ, ಅಲ್ಲಿನ ಕಿಣ್ವಗಳಿಂದ ಕತ್ತರಿಸಿಕೊಂಡು 60ರಿಂದ 65 ಕಿಲೋಡಾಲ್ಟನ್‌ಗೆ ಇಳಿದ ಮೇಲೆ ವಿಷವಾಗುತ್ತದೆ. ಈ ಎರಡು ತೂಕಗಳು ನೆನಪಿನಲ್ಲಿರಲಿ, ಜೆಲ್ ಓದುವಾಗ ಬೇಕಾಗುತ್ತವೆ.

ಹಂತ 1: ಪ್ರಶ್ನೆಯನ್ನು ಬರೆದುಕೊಳ್ಳಿ

ಪಿಪೆಟ್ ಹಿಡಿಯುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಎರಡು ತಳಿಗಳಲ್ಲಿ ಯಾವುದು ಹೆಚ್ಚು ಹರಳು ಕಟ್ಟುತ್ತದೆ ಎಂದು ತಿಳಿಯಬೇಕೇ? ಹುಳುಗಳಿಗೆ ತಿನ್ನಿಸಲು ತೂಕಬದ್ಧವಾದ ಪ್ರಮಾಣ ಬೇಕೇ? ಮಣ್ಣಿನಲ್ಲೋ ಎಲೆಯಲ್ಲೋ ಉಳಿದ ನ್ಯಾನೋಗ್ರಾಂ ಮಟ್ಟದ ಶೇಷ ಹುಡುಕಬೇಕೇ? ಮೊದಲ ಎರಡಕ್ಕೆ ಬಣ್ಣದ ಪರೀಕ್ಷೆ ಮತ್ತು ಜೆಲ್ ಸಾಕು, ಮೂರನೆಯದಕ್ಕೆ ಎಲೈಸಾ ಬೇಕೇ ಬೇಕು. ಒಂದು ಎಚ್ಚರಿಕೆ: ಬೀಜಕಗಳನ್ನು ಎಣಿಸಿ ವಿಷದ ಪ್ರಮಾಣ ಊಹಿಸಬೇಡಿ. ಬೀಜಕ ಚೆನ್ನಾಗಿ ಕಟ್ಟಿದರೂ ಹರಳು ಕಟ್ಟುವ ಸಾಮರ್ಥ್ಯ ಕಳೆದುಕೊಂಡ ತಳಿಗಳಿವೆ. ಅವುಗಳಲ್ಲಿ ಬೀಜಕದ ಎಣಿಕೆ ಎಷ್ಟೇ ಬಂದರೂ ವಿಷ ಇರುವುದಿಲ್ಲ.

ಹಂತ 2: ಹರಳನ್ನು ತೊಳೆಯಿರಿ

ಕೃಷಿಕೆ ಪೂರ್ತಿಯಾಗಿ ಬೀಜಕ ಕಟ್ಟಿ, ಕೋಶಗಳು ಒಡೆದಿರಬೇಕು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯವಾಗಿ 72 ಗಂಟೆ ಹಿಡಿಯುತ್ತದೆ, ಆದರೆ ಗಡಿಯಾರಕ್ಕಿಂತ ಸೂಕ್ಷ್ಮದರ್ಶಕವನ್ನು ನಂಬಿ. ಫೇಸ್ ಕಾಂಟ್ರಾಸ್ಟ್‌ನಲ್ಲಿ ಬೀಜಕಗಳು ಹೊಳೆಯುತ್ತವೆ, ಹರಳುಗಳು ಕಪ್ಪಾಗಿ ಕಾಣುತ್ತವೆ. ಕ್ರೈ1 ಹರಳು ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಜೋಡಿಸಿದಂತಿರುತ್ತದೆ, ಕ್ರೈ2 ಹರಳು ಘನಾಕೃತಿಯದು. ಒಡೆಯದ ಕೋಶಗಳು ಇನ್ನೂ ಬಹಳ ಇದ್ದರೆ ಕಾಯಿರಿ.

ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಿಳಿಯನ್ನು ಚೆಲ್ಲಿ, ಗಸಿಯನ್ನು 1 ಮೋಲಾರ್ ತಣ್ಣನೆಯ ಉಪ್ಪುನೀರಿನಲ್ಲಿ ಕದಡಿ ಮತ್ತೆ ತಿರುಗಿಸಿ. ಉಪ್ಪುನೀರಿಗೆ ಟ್ರೈಟಾನ್ ಎಕ್ಸ್-100 ಎಂಬ ಮಾರ್ಜಕವನ್ನು ಸ್ವಲ್ಪ ಸೇರಿಸಿದರೆ ಕೋಶದ ಚೂರುಗಳು ಸುಲಭವಾಗಿ ಬಿಡುತ್ತವೆ. ಹೀಗೆ ಮೂರು ಸಲ ತೊಳೆದ ಮೇಲೆ ಕೊನೆಗೆ ಮೂರು ಸಲ ಬರಿಯ ತಣ್ಣೀರಿನ ತೊಳೆತ. ಟ್ರೈಟಾನ್ ಒಂದಿಷ್ಟು ಉಳಿದರೂ ಮುಂದಿನ ಬಣ್ಣದ ಪರೀಕ್ಷೆ ಹಾಳಾಗುತ್ತದೆ. ಎಲ್ಲವನ್ನೂ ಮಂಜುಗಡ್ಡೆಯ ಮೇಲೆಯೇ ಮಾಡಿ, ಏಕೆಂದರೆ ಒಡೆದ ಕೋಶಗಳಿಂದ ಹೊರಬಿದ್ದ ಪ್ರೋಟೀನ್ ಭೇದಕ ಕಿಣ್ವಗಳು ಕ್ರೈ ಪ್ರೋಟೀನನ್ನು ತಿನ್ನತೊಡಗುತ್ತವೆ. ಅವುಗಳನ್ನು ತಡೆಯಲು 1 ಮಿಲಿಮೋಲಾರ್ ಪಿಎಂಎಸ್‌ಎಫ್ ಮತ್ತು ಇಡಿಟಿಎ ಬಳಸುವುದು ರೂಢಿ. ಪಿಎಂಎಸ್‌ಎಫ್ ಮನುಷ್ಯರಿಗೂ ವಿಷ, ಕೈಗವಸು ಕಡ್ಡಾಯ. ನೀರಿನಲ್ಲಿ ಅದು ಬಹಳ ಹೊತ್ತು ಉಳಿಯುವುದಿಲ್ಲ, ಕ್ಷಾರದಲ್ಲಂತೂ ಇನ್ನೂ ಬೇಗ ಕೆಡುತ್ತದೆ. ಐಸೊಪ್ರೊಪನಾಲ್‌ನಲ್ಲಿ ಕರಗಿಸಿಟ್ಟುಕೊಂಡು, ಬೇಕಾದ ಕ್ಷಣದಲ್ಲಿ ಬೆರೆಸಿ.

ಮಾರುಕಟ್ಟೆಯ ಪುಡಿಯನ್ನು ಅಳೆಯುವವರು ಈ ತೊಳೆತವನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡಬೇಕು. ಅಂಥ ಪುಡಿಯಲ್ಲಿ ಹರಳಿನ ಜೊತೆಗೆ ಹುದುಗು ಮಾಧ್ಯಮದಿಂದ ಬಂದ ಪ್ರೋಟೀನೂ ಇರಬಹುದು. ಬಣ್ಣಕ್ಕೆ ಇವೆರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪುಡಿಯನ್ನು ತೂಗುವಾಗ ದೂಳು ಏಳದಂತೆ ನೋಡಿಕೊಳ್ಳಿ, ಮುಖಗವಸು ಧರಿಸಿ.

ಹಂತ 3: ಹರಳನ್ನು ಕರಗಿಸಿ

ಇಡೀ ಕೆಲಸದ ಜೀವಾಳ ಇದು. ಕರಗದ ಹರಳನ್ನು ಯಾವ ಬಣ್ಣವೂ ಅಳೆಯದು. ಹರಳಿನ ಅಣುಗಳನ್ನು ಡೈಸಲ್ಫೈಡ್ ಬಂಧಗಳು ಹಿಡಿದಿಟ್ಟಿರುತ್ತವೆ. ಅದನ್ನು ಬಿಡಿಸಲು ಕ್ಷಾರವೂ ಬೇಕು, ಬಂಧ ಮುರಿಯುವ ಅಪಕರ್ಷಕವೂ ಬೇಕು. ಮರಿಹುಳುವಿನ ಕರುಳಿನಲ್ಲಿ ನಡೆಯುವುದನ್ನು ನಳಿಕೆಯಲ್ಲಿ ನಡೆಸುತ್ತೇವೆ ಎಂದುಕೊಳ್ಳಿ.

50 ಮಿಲಿಮೋಲಾರ್ ಸೋಡಿಯಂ ಕಾರ್ಬೊನೇಟ್ ಬಫರನ್ನು ಪಿಎಚ್ 10.5ಕ್ಕೆ ಹೊಂದಿಸಿ. ಅದಕ್ಕೆ 10 ಮಿಲಿಮೋಲಾರ್ ಡಿಟಿಟಿ ಎಂಬ ಅಪಕರ್ಷಕವನ್ನು ಆ ದಿನವೇ ಬೆರೆಸಿ. ಹಳೆಯ ಡಿಟಿಟಿ ಗಾಳಿಯಲ್ಲಿ ಉತ್ಕರ್ಷಣಗೊಂಡು ನಿಷ್ಪ್ರಯೋಜಕವಾಗಿರುತ್ತದೆ. 100 ಮಿಲಿಗ್ರಾಂ ಒಣ ಪುಡಿಯಿಂದ ಬಂದ ಗಸಿಗೆ 5 ಮಿಲಿಲೀಟರ್ ಬಫರ್ ಹಾಕಿ, 37 ಡಿಗ್ರಿಯಲ್ಲಿ ಎರಡು ಗಂಟೆ ನಿಧಾನವಾಗಿ ಅಲುಗಾಡಿಸುತ್ತಿರಿ. ಆಮೇಲೆ ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ. ಬೀಜಕಗಳು ತಳಕ್ಕೆ ಇಳಿಯುತ್ತವೆ, ಕರಗಿದ ಪ್ರೋಟೀನ್ ತಿಳಿಯಲ್ಲಿ ಉಳಿಯುತ್ತದೆ.

ಆ ಗಸಿಯನ್ನು ಚೆಲ್ಲಬೇಡಿ. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ಹರಳುಗಳು ಇನ್ನೂ ಕಂಡರೆ ಕರಗಿಸುವ ಕೆಲಸ ಮುಗಿದಿಲ್ಲ. ಗಸಿಗೆ ಮತ್ತೆ ಹೊಸ ಬಫರ್ ಹಾಕಿ ಎರಡನೆಯ ಸುತ್ತು ನಡೆಸಿ, ಆ ತಿಳಿಯನ್ನು ಬೇರೆಯಾಗಿ ಅಳೆಯಿರಿ. ನಾನು ಕೆಲಸ ಕಲಿಯುತ್ತಿದ್ದಾಗ ಮೊದಲ ಸುತ್ತಿನ ತಿಳಿಯನ್ನಷ್ಟೇ ಅಳೆದು ಒಂದು ತಳಿಯನ್ನು ‘ಕಳಪೆ’ ಎಂದು ಬರೆದುಬಿಟ್ಟಿದ್ದೆ. ವಾರಗಳ ನಂತರ ಅದೇ ತಳಿಯ ಗಸಿಯನ್ನು ನೋಡಿದಾಗ ಹರಳುಗಳು ರಾಶಿ ಬಿದ್ದಿದ್ದವು. ತಳಿಯಲ್ಲಿ ಕೊರತೆ ಇರಲಿಲ್ಲ, ಅದರ ಹರಳು ಆ ಬಫರಿಗೆ ಸುಲಭವಾಗಿ ಕರಗುತ್ತಿರಲಿಲ್ಲ, ಅಷ್ಟೇ. ಕ್ರೈ2ಎ ಹರಳುಗಳಿಗೆ ಪಿಎಚ್ 10.5 ಸಾಲದು, ಸುಮಾರು 12ರವರೆಗೆ ಏರಿಸಬೇಕಾಗುತ್ತದೆ. ಕುರ್ಸ್ಟಾಕಿ ಎಂಬ ಬಿಟಿ ಉಪಜಾತಿಯ ಎಚ್‌ಡಿ-1 ತಳಿಯಲ್ಲಿ ಮೂರು ಬಗೆಯ ಕ್ರೈ1ಎ ಜೊತೆಗೆ ಕ್ರೈ2ಎಎ ಕೂಡ ಇರುವುದರಿಂದ, ಒಂದೇ ಪಿಎಚ್‌ನಲ್ಲಿ ಕರಗಿಸಿ ‘ಎಲ್ಲವನ್ನೂ ಅಳೆದೆ’ ಎನ್ನುವಂತಿಲ್ಲ.

ಹಂತ 4: ಒಟ್ಟು ಪ್ರೋಟೀನ್, ಬ್ರಾಡ್‌ಫೋರ್ಡ್ ವಿಧಾನದಲ್ಲಿ

1976ರಲ್ಲಿ ಮರಿಯನ್ ಬ್ರಾಡ್‌ಫೋರ್ಡ್ ಕೊಟ್ಟ ವಿಧಾನ ಇದು. ಕೂಮಾಸಿ ಬ್ರಿಲಿಯಂಟ್ ಬ್ಲೂ ಜಿ-250 ಎಂಬ ಬಣ್ಣ ಆಮ್ಲದಲ್ಲಿ ಕಂದುಗೆಂಪಾಗಿರುತ್ತದೆ. ಪ್ರೋಟೀನಿಗೆ, ಅದರಲ್ಲೂ ಆರ್ಜಿನೈನ್‌ಗೆ, ಅಂಟಿಕೊಂಡಾಗ ನೀಲಿಯಾಗಿ 595 ನ್ಯಾನೋಮೀಟರಿನ ಬೆಳಕನ್ನು ಹೀರುತ್ತದೆ. ನಾವು ಇದನ್ನೇ ಆರಿಸಿಕೊಳ್ಳಲು ಕಾರಣ ಡಿಟಿಟಿ. ಪ್ರೋಟೀನ್ ಅಳೆಯುವ ಬೇರೆ ಬಣ್ಣದ ಪರೀಕ್ಷೆಗಳಾದ ಲೌರಿ ವಿಧಾನವೂ ಬಿಸಿಎ ವಿಧಾನವೂ ತಾಮ್ರದ ಅಪಕರ್ಷಣೆಯನ್ನು ಆಧರಿಸಿವೆ, ಹಾಗಾಗಿ ಡಿಟಿಟಿ ಇದ್ದಲ್ಲಿ ಪ್ರೋಟೀನ್ ಇಲ್ಲದಿದ್ದರೂ ಬಣ್ಣ ಬಂದುಬಿಡುತ್ತದೆ. 280 ನ್ಯಾನೋಮೀಟರಿನಲ್ಲಿ ನೇರವಾಗಿ ಓದುವುದೂ ಇಲ್ಲಿ ಸರಿಹೋಗದು. ಕ್ರೈ1 ಹರಳಿನ ಜೊತೆ ಡಿಎನ್‌ಎ ಅಂಟಿಕೊಂಡಿರುತ್ತದೆ, ಅದು ಆ ಅಲೆಯುದ್ದದಲ್ಲೂ ಬೆಳಕು ಹೀರುತ್ತದೆ.

ಹೋಲಿಕೆಗೆ ಗೋವಿನ ಸೀರಂ ಆಲ್ಬುಮಿನ್, ಅಂದರೆ ಬಿಎಸ್‌ಎ ಬಳಸುತ್ತೇವೆ. ಅದರ ಮೂಲ ದ್ರಾವಣವನ್ನು ತೂಕದ ಮೇಲಷ್ಟೇ ನಂಬಬೇಡಿ, ಪುಡಿ ತೇವ ಎಳೆದುಕೊಂಡಿರಬಹುದು. ಬಿಎಸ್‌ಎ ಶುದ್ಧವಾದ್ದರಿಂದ 280 ನ್ಯಾನೋಮೀಟರಿನ ಓದು ಅದಕ್ಕೆ ನಡೆಯುತ್ತದೆ. ನೀರಿನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಬಿಎಸ್‌ಎ, ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಿ ಓದುವ ಪುಟ್ಟ ಪಾತ್ರೆ) ಸುಮಾರು 0.66 ಬೆಳಕು ಹೀರುವಿಕೆ ತೋರಿಸಬೇಕು. ಆಮೇಲೆ ಅದನ್ನು ಮಿಲಿಲೀಟರಿಗೆ 0, 0.125, 0.25, 0.5, 0.75, 1 ಮಿಲಿಗ್ರಾಂ ಆಗುವಂತೆ ತೆಳು ಮಾಡಿ. ತೆಳು ಮಾಡಲು ನೀರನ್ನಲ್ಲ, ಡಿಟಿಟಿ ಸೇರಿಸಿದ ಅದೇ ಕಾರ್ಬೊನೇಟ್ ಬಫರನ್ನು ಬಳಸಿ. ಬ್ರಾಡ್‌ಫೋರ್ಡ್ ದ್ರಾವಣದ ಆಮ್ಲತೆಯನ್ನು ಕ್ಷಾರ ಕೊಂಚ ತಗ್ಗಿಸುತ್ತದೆ. ಆ ಪರಿಣಾಮ ಹೋಲಿಕೆಯ ನಳಿಕೆಯಲ್ಲೂ ಮಾದರಿಯ ನಳಿಕೆಯಲ್ಲೂ ಒಂದೇ ಆಗಿರಬೇಕು.

ಪ್ರತಿ ನಳಿಕೆಗೆ 20 ಮೈಕ್ರೋಲೀಟರ್ ಪ್ರೋಟೀನ್, 1 ಮಿಲಿಲೀಟರ್ ಬ್ರಾಡ್‌ಫೋರ್ಡ್ ದ್ರಾವಣ. ನೊರೆ ಬಾರದಂತೆ ಬೆರೆಸಿ. ಐದರಿಂದ ಹತ್ತು ನಿಮಿಷ ಬಿಟ್ಟು ಓದಿ, ಒಂದು ಗಂಟೆಯೊಳಗೆ ಎಲ್ಲವನ್ನೂ ಓದಿ ಮುಗಿಸಿ. ಕ್ವಾರ್ಟ್ಜ್ ಕ್ಯುವೆಟ್ ಬೇಡ, ಬಣ್ಣ ಅದಕ್ಕೆ ಮೆತ್ತಿಕೊಳ್ಳುತ್ತದೆ. ಬಿಸಾಡಬಹುದಾದ ಪ್ಲಾಸ್ಟಿಕ್ ಕ್ಯುವೆಟ್ ಅನುಕೂಲ.

ಈಗ ಲೆಕ್ಕ. ಉದಾಹರಣೆಗೆ ಬಿಎಸ್‌ಎ ಓದುಗಳು ಕ್ರಮವಾಗಿ 0, 0.09, 0.18, 0.34, 0.49, 0.62 ಬಂದವೆನ್ನಿ. ಗ್ರಾಫ್ ಹಾಳೆಯಲ್ಲಿ ಇಟ್ಟರೆ ಗೆರೆ ಮೇಲೆ ಹೋಗುತ್ತಾ ಬಾಗುವುದು ಕಾಣುತ್ತದೆ. ಇದು ಬ್ರಾಡ್‌ಫೋರ್ಡಿನ ಸ್ವಭಾವ. ಬಾಗಿದ ಭಾಗಕ್ಕೆ ನೇರ ಗೆರೆ ಎಳೆಯುವ ಬದಲು 0.5ರವರೆಗಿನ ನೇರ ಭಾಗವನ್ನಷ್ಟೇ ಬಳಸಿ. ಅಲ್ಲಿ ಇಳಿಜಾರು ಸುಮಾರು 0.69. ನಿಮ್ಮ ಮಾದರಿಯನ್ನು 20 ಪಟ್ಟು ತೆಳು ಮಾಡಿದಾಗ 0.21 ಬಂತು: 0.21ನ್ನು 0.69ರಿಂದ ಭಾಗಿಸಿದರೆ 0.304, ಅದನ್ನು 20ರಿಂದ ಗುಣಿಸಿದರೆ 6.1. ಅಂದರೆ ಮಿಲಿಲೀಟರಿಗೆ 6.1 ಮಿಲಿಗ್ರಾಂ. ಇಷ್ಟಕ್ಕೇ ನಿಲ್ಲಬೇಡಿ. ಅದೇ ಮಾದರಿಯನ್ನು 40 ಪಟ್ಟು ತೆಳು ಮಾಡಿ ಓದಿ. 0.11 ಬಂದರೆ ಲೆಕ್ಕ 6.4 ಆಗುತ್ತದೆ. ಎರಡೂ ಹತ್ತಿರವಿವೆ, ಒಪ್ಪಬಹುದು. 20 ಪಟ್ಟಿನಲ್ಲಿ 6 ಬಂದು 40 ಪಟ್ಟಿನಲ್ಲಿ 9 ಬಂದರೆ ಏನೋ ಅಡ್ಡಿಪಡಿಸುತ್ತಿದೆ. ಹೆಚ್ಚಿನ ಸಲ ಅದು ತೊಳೆದು ಹೋಗದ ಮಾರ್ಜಕವೋ ಬಫರೋ ಆಗಿರುತ್ತದೆ. ಈ ಎರಡನೆಯ ತೆಳುವಿನ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಇಷ್ಟು ಅಗ್ಗವಾಗಿ ಇಷ್ಟೊಂದು ತಪ್ಪು ಹಿಡಿಯುವ ಬೇರೆ ಪರೀಕ್ಷೆಯನ್ನು ನಾನು ಕಂಡಿಲ್ಲ.

ಈ 6.1 ಎಂಬ ಸಂಖ್ಯೆಗೆ ಎರಡು ಮಿತಿಗಳಿವೆ. ಮೊದಲನೆಯದು, ಇದು ಕ್ರೈ ಪ್ರೋಟೀನಲ್ಲ, ಕರಗಿದ ಎಲ್ಲ ಪ್ರೋಟೀನ್. ಎರಡನೆಯದು, ಇದು ‘ಬಿಎಸ್‌ಎ ಲೆಕ್ಕದಲ್ಲಿ’ 6.1. ಬೇರೆ ಬೇರೆ ಪ್ರೋಟೀನುಗಳಿಗೆ ಈ ಬಣ್ಣ ಬೇರೆ ಬೇರೆ ಮಟ್ಟದಲ್ಲಿ ಅಂಟುತ್ತದೆ. ಬಿಎಸ್‌ಎ ಬಹಳ ಗಾಢ ಬಣ್ಣ ಕೊಡುವ ಪ್ರೋಟೀನು, ಅದೇ ತೂಕದ ಗಾಮಾ ಗ್ಲಾಬ್ಯುಲಿನ್ ಕೊಡುವುದು ಅದರ ಅರ್ಧದಷ್ಟು ಬಣ್ಣ ಮಾತ್ರ. ಆದ್ದರಿಂದ ಯಾವ ಪ್ರೋಟೀನಿನ ಹೋಲಿಕೆಯಲ್ಲಿ ಅಳೆದಿರಿ ಎಂಬುದು ಫಲಿತಾಂಶದ ಭಾಗವೇ.

ಹಂತ 5: ಜೆಲ್ ಮೇಲೆ ಕ್ರೈ ಪಟ್ಟಿಯನ್ನು ಬೇರ್ಪಡಿಸಿ ಅಳೆಯಿರಿ

ಎಸ್‌ಡಿಎಸ್ ಪಾಲಿಅಕ್ರಿಲಮೈಡ್ ಜೆಲ್ ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತದೆ. 130 ಕಿಲೋಡಾಲ್ಟನ್ ಚೆನ್ನಾಗಿ ಕಾಣಬೇಕಾದರೆ ಶೇಕಡಾ 7.5ರಿಂದ 10ರ ಜೆಲ್ ಸರಿ. ಗಟ್ಟಿಯಾಗದ ಅಕ್ರಿಲಮೈಡ್ ನರಗಳಿಗೆ ಹಾನಿಕರ, ಬರಿಗೈಯಲ್ಲಿ ಮುಟ್ಟಬೇಡಿ.

ಒಂದೇ ಜೆಲ್‌ನಲ್ಲಿ ಗಾತ್ರದ ಗುರುತು, ಐದು ಗುಳಿಗಳಲ್ಲಿ ಬಿಎಸ್‌ಎ (0.25, 0.5, 1, 1.5, 2 ಮೈಕ್ರೋಗ್ರಾಂ), ಉಳಿದವುಗಳಲ್ಲಿ ಮಾದರಿ ಇರಲಿ. ನಿನ್ನೆಯ ಜೆಲ್‌ನ ಬಿಎಸ್‌ಎ ಗೆರೆಯನ್ನು ಇಂದಿನ ಜೆಲ್‌ಗೆ ಬಳಸಬಾರದು, ಬಣ್ಣ ಹಿಡಿಯುವುದೂ ಬಿಡುವುದೂ ಪ್ರತಿ ಸಲ ಬೇರೆಯಾಗುತ್ತದೆ. ಮಾದರಿಯನ್ನು 20 ಪಟ್ಟು ತೆಳು ಮಾಡಿ, ಸಮಪಾಲು ದುಪ್ಪಟ್ಟು ಸಾರದ ಮಾದರಿ ಬಫರ್ ಬೆರೆಸಿ, ಐದು ನಿಮಿಷ ಕುದಿಸಿ, 10 ಮೈಕ್ರೋಲೀಟರ್ ಹಾಕಿ. ಹಿಂದಿನ ಲೆಕ್ಕದ ಪ್ರಕಾರ ಆ ಗುಳಿಯಲ್ಲಿ ಸುಮಾರು 1.5 ಮೈಕ್ರೋಗ್ರಾಂ ಒಟ್ಟು ಪ್ರೋಟೀನ್ ಇರುತ್ತದೆ. ಪಕ್ಕದ ಗುಳಿಯಲ್ಲಿ 5 ಮೈಕ್ರೋಲೀಟರ್ ಹಾಕಿ. ಪಟ್ಟಿಯ ಅಳತೆ ಅರ್ಧಕ್ಕೆ ಇಳಿಯದಿದ್ದರೆ ನೀವು ನೇರ ಭಾಗದ ಹೊರಗಿದ್ದೀರಿ ಎಂದರ್ಥ.

ಓಡಿಸಿ, ಕೂಮಾಸಿ ಆರ್-250ಯಿಂದ ಬಣ್ಣ ಹಾಕಿ, ಹಿನ್ನೆಲೆ ತಿಳಿಯಾಗುವವರೆಗೆ ಬಣ್ಣ ಬಿಡಿಸಿ. ಚಿತ್ರ ತೆಗೆಯುವಾಗ ಯಾವ ಪಟ್ಟಿಯೂ ಪೂರ್ತಿ ಕಪ್ಪಾಗಿ ಮುಚ್ಚಿಹೋಗಿರಬಾರದು. ಚಿತ್ರವನ್ನು ಟಿಫ್ ರೂಪದಲ್ಲಿ ಉಳಿಸಿ, ಜೆಪೆಗ್ ಸಂಕುಚನ ಅಳತೆಯನ್ನು ಕೆಡಿಸುತ್ತದೆ. ಉಚಿತವಾಗಿ ಸಿಗುವ ಇಮೇಜ್‌ಜೆ ತಂತ್ರಾಂಶದಲ್ಲಿ ಪ್ರತಿ ಪಟ್ಟಿಯ ವಿಸ್ತೀರ್ಣವನ್ನು, ಹಿನ್ನೆಲೆ ಕಳೆದು, ಪಡೆಯಿರಿ. ನಮ್ಮ ಉದಾಹರಣೆಯಲ್ಲಿ 10 ಮೈಕ್ರೋಲೀಟರ್ ಗುಳಿಯ 130 ಕಿಲೋಡಾಲ್ಟನ್ ಪಟ್ಟಿ 0.98 ಮೈಕ್ರೋಗ್ರಾಂ ಬಿಎಸ್‌ಎಗೆ ಸಮ ಬಂತೆನ್ನೋಣ. 0.98ನ್ನು 10ರಿಂದ ಭಾಗಿಸಿ, 2ರಿಂದಲೂ 20ರಿಂದಲೂ ಗುಣಿಸಿದರೆ ಮಿಲಿಲೀಟರಿಗೆ 3.9 ಮಿಲಿಗ್ರಾಂ. ಒಟ್ಟು ಪ್ರೋಟೀನಿನ ಶೇಕಡಾ 64ರಷ್ಟು. ಮೊದಲ ಸುತ್ತಿನ 5 ಮಿಲಿಲೀಟರಿನಲ್ಲಿ 19.5 ಮಿಲಿಗ್ರಾಂ ಆಯಿತು. ಎರಡನೆಯ ಸುತ್ತಿನ ತಿಳಿಯಲ್ಲಿ ಮತ್ತೆ 2 ಮಿಲಿಗ್ರಾಂ ಸಿಕ್ಕಿದರೆ ಒಟ್ಟು 21.5. 100 ಮಿಲಿಗ್ರಾಂ ಪುಡಿಯಲ್ಲಿ ಶೇಕಡಾ 21.5 ಕ್ರೈ ಪ್ರೋಟೀನ್.

ಜೆಲ್‌ನ 65 ಕಿಲೋಡಾಲ್ಟನ್ ಹತ್ತಿರದ ಪಟ್ಟಿಯನ್ನು ತಾಳ್ಮೆಯಿಂದ ನೋಡಿ. ಅದು ಕತ್ತರಿಸಿಹೋದ ಕ್ರೈ1 ಆಗಿರಬಹುದು, ಎಚ್‌ಡಿ-1ರಂಥ ತಳಿಯಲ್ಲಿ ಕ್ರೈ2ಎಎ ಕೂಡ ಆಗಿರಬಹುದು. ಜೆಲ್ ಮಾತ್ರ ನೋಡಿ ಇದನ್ನು ತೀರ್ಮಾನಿಸಲಾಗದು. ತೊಳೆದ ಹರಳನ್ನು ಕರಗಿಸದೆ ನೇರವಾಗಿ ಎಸ್‌ಡಿಎಸ್ ಬಫರಿನಲ್ಲಿ ಕುದಿಸಿ ಪಕ್ಕದಲ್ಲಿ ಓಡಿಸಿದರೆ ಒಂದು ಸುಳಿವು ಸಿಗುತ್ತದೆ. ಅಲ್ಲಿ 65ರ ಪಟ್ಟಿ ಇಲ್ಲದೆ, ಕರಗಿಸಿದ ಮಾದರಿಯಲ್ಲಿ ಮಾತ್ರ ಇದ್ದರೆ, ಕರಗಿಸುವಾಗಲೇ ಕಿಣ್ವ ಕೆಲಸ ಮಾಡಿದೆ. ಆಗ ಎರಡೂ ಪಟ್ಟಿಗಳ ಅಳತೆಯನ್ನು ಬೇರೆ ಬೇರೆಯಾಗಿ ಬರೆಯಿರಿ, ಕೂಡಿಸಿ ಒಂದು ಮಾಡಬೇಡಿ.

ಎಲೈಸಾ ಯಾವಾಗ?

ನ್ಯಾನೋಗ್ರಾಂ ಮಟ್ಟಕ್ಕೆ ಇಳಿದಾಗ. ಒಂದು ಪ್ರತಿಕಾಯ ಕ್ರೈ ಪ್ರೋಟೀನನ್ನು ತಟ್ಟೆಗೆ ಹಿಡಿದಿಡುತ್ತದೆ, ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯ ಬಣ್ಣ ಕೊಡುತ್ತದೆ, 450 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಸಿದ್ಧ ಕಿಟ್‌ನ ಸೂಚನೆ ಅನುಸರಿಸಿದರೆ ಸಾಕು. ಒಂದೇ ಮಾತು: ಕ್ರೈ1ಎಸಿಗೆಂದು ಮಾಡಿದ ಪ್ರತಿಕಾಯ ಕ್ರೈ1ಎಬಿಯನ್ನೂ ಹಿಡಿಯಬಹುದು, ಕ್ರೈ2ಎಯನ್ನು ಬಿಟ್ಟುಬಿಡಬಹುದು. ಕರಗಿಸಿದ ಕ್ಷಾರ ದ್ರಾವಣವನ್ನು ಕಿಟ್‌ನ ಬಫರಿನಲ್ಲಿ ಸಾಕಷ್ಟು ತೆಳು ಮಾಡದೆ ಹಾಕಿದರೆ ಪ್ರತಿಕಾಯವೇ ಕೆಡುತ್ತದೆ.

ಹಂತ 6: ಹುಳುವಿನ ಸಾಕ್ಷ್ಯ

ಪ್ರಮಾಣ ಎಷ್ಟಿದ್ದರೂ ಪ್ರೋಟೀನಿನಲ್ಲಿ ಕೊಲ್ಲುವ ಶಕ್ತಿ ಉಳಿದಿದೆಯೇ ಎಂಬುದನ್ನು ಬಣ್ಣವಾಗಲಿ ಜೆಲ್ ಆಗಲಿ ಹೇಳಲಾರವು. ಬಿಸಿಗೆ ಸಿಕ್ಕಿ ಆಕಾರ ಕೆಟ್ಟ ಕ್ರೈ ಪ್ರೋಟೀನ್ ಜೆಲ್ ಮೇಲೆ ಅಷ್ಟೇ ಸುಂದರವಾದ ಪಟ್ಟಿ ಕೊಡುತ್ತದೆ. ಬಿಟಿ ಪುಡಿಗಳ ಶಕ್ತಿಯನ್ನು ಮಿಲಿಗ್ರಾಂ ಬದಲು ಅಂತರರಾಷ್ಟ್ರೀಯ ಘಟಕಗಳಲ್ಲಿ ಹೇಳುವ ಪದ್ಧತಿ ಬಂದದ್ದು ಇದಕ್ಕಾಗಿ.

ಕೃತಕ ಆಹಾರದಲ್ಲಿ ಐದರಿಂದ ಏಳು ಪ್ರಮಾಣಗಳನ್ನು ಬೆರೆಸಿ, ಒಂದೇ ವಯಸ್ಸಿನ ಮರಿಹುಳುಗಳನ್ನು ಬಿಡಿ. ಪಕ್ಕದಲ್ಲಿ ವಿಷವಿಲ್ಲದ ಆಹಾರದ ಒಂದು ತಂಡ, ಪ್ರಮಾಣಿತ ಪುಡಿಯ ಇನ್ನೊಂದು ತಂಡ ಇರಲೇಬೇಕು. ವಿಷವಿಲ್ಲದ ತಂಡದಲ್ಲಿ ಸತ್ತ ಹುಳುಗಳ ಲೆಕ್ಕವನ್ನು 1925ರ ಅಬಟ್ ಸೂತ್ರದಿಂದ ಸರಿಪಡಿಸಿ. ಆ ಸಂಖ್ಯೆಯೇ ಬಹಳವಾಗಿದ್ದರೆ ಸರಿಪಡಿಸುವ ಗೋಜಿಗೆ ಹೋಗಬೇಡಿ, ಪ್ರಯೋಗವನ್ನೇ ಮತ್ತೆ ಮಾಡಿ. ಪ್ರೋಬಿಟ್ ವಿಶ್ಲೇಷಣೆಯಿಂದ ಅರ್ಧದಷ್ಟು ಹುಳುಗಳನ್ನು ಕೊಲ್ಲುವ ಪ್ರಮಾಣ, ಅಂದರೆ ಎಲ್‌ಸಿ50, ಸಿಗುತ್ತದೆ. ಕುರ್ಸ್ಟಾಕಿಗೆ ಎಚ್‌ಡಿ-1-ಎಸ್-1980 ಎಂಬ ಪ್ರಮಾಣಿತ ಪುಡಿಗೆ ಮಿಲಿಗ್ರಾಂಗೆ 16,000 ಘಟಕ ಎಂದು ನಿಗದಿಯಾಗಿದೆ. ಸೊಳ್ಳೆ ಮರಿ ಕೊಲ್ಲುವ ಇಸ್ರೇಲೆನ್ಸಿಸ್ ಉಪಜಾತಿಗೆ ಐಪಿಎಸ್-82, ಅದಕ್ಕೆ 15,000. ಪ್ರಮಾಣಿತ ಪುಡಿಯ ಎಲ್‌ಸಿ50 ಲೀಟರಿಗೆ 8 ಮಿಲಿಗ್ರಾಂ, ನಿಮ್ಮದು 10 ಬಂದರೆ, 8ನ್ನು 10ರಿಂದ ಭಾಗಿಸಿ 16,000ದಿಂದ ಗುಣಿಸಿ: ಮಿಲಿಗ್ರಾಂಗೆ 12,800 ಘಟಕ. ಎರಡೂ ಪರೀಕ್ಷೆ ಒಂದೇ ದಿನ, ಒಂದೇ ತಂಡದ ಹುಳುಗಳ ಮೇಲೆ ನಡೆದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಪುನರಾವರ್ತನೆ ಮತ್ತು ದಾಖಲೆ

ಒಂದೇ ಕ್ಯುವೆಟ್ಟನ್ನು ಮೂರು ಸಲ ಓದಿದರೆ ಮೂರು ಪುನರಾವರ್ತನೆ ಆಗುವುದಿಲ್ಲ, ಅದು ಯಂತ್ರದ ಪರೀಕ್ಷೆ ಮಾತ್ರ. ಪುಡಿಯನ್ನು ಮೂರು ಸಲ ಬೇರೆ ಬೇರೆ ತೂಗಿ, ಮೂರು ಸಲ ತೊಳೆದು, ಮೂರು ಸಲ ಕರಗಿಸಿ. ವ್ಯತ್ಯಾಸ ಹೆಚ್ಚಾಗಿ ಹುಟ್ಟುವುದು ಕರಗಿಸುವಲ್ಲಿ, ಓದುವಲ್ಲಲ್ಲ. ಅಳೆದುಳಿದ ದ್ರಾವಣವನ್ನು ಸಣ್ಣ ಸಣ್ಣ ನಳಿಕೆಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿ ಇಡಿ, ಒಮ್ಮೆ ಹೆಪ್ಪು ಬಿಡಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಬೀಜಕದ ಗಸಿಯನ್ನು 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡದೆ ಚೆಲ್ಲಬೇಡಿ, ಕುದಿನೀರಿಗೆ ಬೀಜಕಗಳು ಬಗ್ಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಫಲಿತಾಂಶದ ಸಾಲು ಹೀಗಿರಲಿ: ‘ತೊಳೆದ ಬೀಜಕ-ಹರಳು ಪುಡಿ 100 ಮಿಲಿಗ್ರಾಂ, ಪಿಎಚ್ 10.5 ಕಾರ್ಬೊನೇಟ್, 10 ಮಿಲಿಮೋಲಾರ್ ಡಿಟಿಟಿ, 37 ಡಿಗ್ರಿ, 2 ಗಂಟೆ, ಎರಡು ಸುತ್ತು, 130 ಕಿಲೋಡಾಲ್ಟನ್ ಪಟ್ಟಿ, ಜೆಲ್ ಅಳತೆ, ಬಿಎಸ್‌ಎ ಹೋಲಿಕೆ, 21.5 ಮಿಲಿಗ್ರಾಂ, ಕರಗದೆ ಉಳಿದ ಹರಳು: ಸೂಕ್ಷ್ಮದರ್ಶಕದಲ್ಲಿ ಅಲ್ಲೊಂದು ಇಲ್ಲೊಂದು.’